ದೋಣಿಯವಳ ಮುಷ್ಟಿ

ನನ್ನಕ್ಕ ಹಲ್ಲು ಮಾಡುತ್ತಾಳೆ. ಡಾಕ್ಟರಲ್ಲ. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇವಳು ಲ್ಯಾಬಿನ ಮೂಲೆಯಲ್ಲಿ ಕೂತು ಆ ಅಚ್ಚಿಗೆ ಸರಿಯಾಗಿ ಕೂರುವ ಹಲ್ಲಿನ ಸೆಟ್ಟು ಕಟ್ಟುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಅದೇ ಮೇಜು, ಅದೇ ಸ್ಟೂಲು. ಅವಳ ಕೈಕೆಳಗೆ ಕೆಲಸ ಕಲಿಯಲು ಬಂದವರಿಗೆಲ್ಲ ಮೊದಲ ದಿನ ಹೇಳುವುದು ಒಂದೇ ಮಾತು: ನೆನಪಿನಿಂದ ಮಾಡಬೇಡ, ಅಚ್ಚು ಎದುರಿಗಿಟ್ಟುಕೊಂಡು ಮಾಡು. ಹಲ್ಲು ಕೂದಲೆಳೆಯಷ್ಟು ಎತ್ತರವಾದರೂ ಹಾಕಿಕೊಂಡವರ ಪ್ರಾಣ ಹಿಂಡುತ್ತದೆ ಎಂದು ಬೈಯುತ್ತಾಳೆ.

ಮನೆಗೆ ಬಂದರೆ ಬೇರೆಯೇ ಅವತಾರ. ಕೈಯಿಂದ ಅಚ್ಚಿನ ಗಾರೆಯ ಪುಡಿ ತೊಳೆದ ತಕ್ಷಣ ಪೆನ್ಸಿಲ್ ಹಿಡಿಯುತ್ತಾಳೆ. ಹದಿನೆಂಟು ಸಂಪುಟಗಳ ಒಂದು ಜಪಾನಿ ಕಾಮಿಕ್ ಇದೆ. ಸತ್ತವರನ್ನು ಹೊಳೆ ದಾಟಿಸುವ ಒಬ್ಬ ದೋಣಿಯವಳ ಕಥೆ. ಅಕ್ಕ ಹನ್ನೊಂದು ವರ್ಷದಿಂದ ಆ ದೋಣಿಯವಳ ಚಿತ್ರಗಳನ್ನೇ ಬರೆದು ಇಂಟರ್ನೆಟ್ಟಿಗೆ ಹಾಕುತ್ತಿದ್ದಾಳೆ. ಅಲ್ಲಿ ಇವಳ ಹೆಸರು ಹಲ್ಲಕ್ಕ. ಸಾವಿರಾರು ಜನ ಆ ಚಿತ್ರಗಳನ್ನು ಫೋನಿನ ಪರದೆಗೆ ಹಾಕಿಕೊಂಡಿದ್ದಾರೆ, ಕೆಲವರು ತೋಳಿಗೇ ಹಚ್ಚೆಯಾಗಿ ಹಾಕಿಸಿಕೊಂಡಿದ್ದಾರೆ. ನನಗೋ, ಇದೆಲ್ಲ ಮಾಡಲು ಕೆಲಸವಿಲ್ಲದವರ ಕೆಲಸ ಅನ್ನಿಸುತ್ತಿತ್ತು. ಒಂದೇ ಮನೆಯಲ್ಲಿದ್ದು, ಪಾತ್ರೆ ತೊಳೆಯುವ ಸರದಿ ಬಂದಾಗಲೆಲ್ಲ ಹಾಗೆ ಹೇಳಿಯೂ ಇದ್ದೆ.

ಈ ವರ್ಷ ಆ ಕಾಮಿಕ್ ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಧಾರಾವಾಹಿ, ಆಗಿ ಬಂತು. ಅಕ್ಕ ಪ್ರತಿ ಕಂತನ್ನೂ ಹಲ್ಲು ನೋಡಿದ ಹಾಗೆ ನೋಡಿ ಇಂಟರ್ನೆಟ್ಟಿನಲ್ಲಿ ವಿಮರ್ಶೆ ಬರೆದಳು. ಮೌನವಿದ್ದ ಕಡೆ ಸಂಗೀತ ತುರುಕಿದ್ದಾರೆ, ಮೂರು ಪುಟ ತೆಗೆದುಕೊಂಡ ಸಂಕಟವನ್ನು ಒಂದು ಡೈಲಾಗಿಗೆ ಇಳಿಸಿದ್ದಾರೆ ಎಂದು. ಅವಳ ಮಾತು ಬಹುಪಾಲು ಸರಿಯೇ ಇತ್ತು, ಅದನ್ನು ಒಪ್ಪುತ್ತೇನೆ. ಏಳನೇ ಕಂತಿಗೆ ಬಂದಾಗ ಮಾತ್ರ ಅವಳು ಉರಿದುಬಿದ್ದಳು. ಆ ಕಂತಿನಲ್ಲಿ ದೋಣಿಯವಳ ಸ್ವಂತ ತಮ್ಮನೇ ದೋಣಿ ಹತ್ತುತ್ತಾನೆ. ಅವನನ್ನು ಆಚೆ ದಡಕ್ಕೆ ಬಿಟ್ಟು ಒಬ್ಬಳೇ ವಾಪಸ್ಸು ಬರುವಾಗ ಅವಳ ಎಡಗೈ ಮಡಿಲಲ್ಲಿ ಬಿಗಿ ಮುಷ್ಟಿಯಾಗಿರುತ್ತದೆ, ಇಡೀ ಕಥೆಯ ಜೀವವೇ ಆ ಮುಷ್ಟಿ ಎಂದು ಅಕ್ಕ ಬರೆದಳು. ಅನಿಮೆಯಲ್ಲಿ ಕೈ ಬಿಚ್ಚಿತ್ತು. ಖಾಲಿ ಅಂಗೈ.

ಅವಳ ಲೇಖನ ಕಾಡ್ಗಿಚ್ಚಿನಂತೆ ಹಬ್ಬಿತು. ಅಭಿಮಾನಿಗಳು ಕಂತಿನ ಕೊನೆಯಲ್ಲಿ ಬರುವ ಹೆಸರುಗಳಲ್ಲಿ ಆ ದೃಶ್ಯದ ಚಿತ್ರ ಬರೆದ ಕಲಾವಿದೆ ಯಾರೆಂದು ಹುಡುಕಿ ತೆಗೆದರು. ಯಾರೋ ಇಪ್ಪತ್ತಾರರ ಹೆಂಗಸು. ಒಂದು ವಾರ ಅವಳಿಗೆ ಬಂದ ಬೈಗುಳ ಓದಿದರೆ ಕಣ್ಣು ಮುಚ್ಚಿಕೊಳ್ಳಬೇಕು. ಅವಳು ತನ್ನ ಖಾತೆಯನ್ನೇ ಮುಚ್ಚಿದಳು. ಅದೂ ಸಾಲದೆಂದು ಮುಂದಿನ ಭಾಗದಿಂದ ಅವಳನ್ನು ಕೈಬಿಡಬೇಕೆಂಬ ಮನವಿ ಹೊರಟಿತು, ಒಂಬತ್ತು ಸಾವಿರ ಸಹಿ. ಮೊದಲ ಸಹಿ ಅಕ್ಕನದು. ಭಾನುವಾರ ಸಂಜೆ ಐದಕ್ಕೆ, ನಮ್ಮೂರ ಗ್ರಂಥಾಲಯದ ಮಹಡಿಯ ಸಭಾಂಗಣದಲ್ಲಿ ನಡೆಯುವ ಅಭಿಮಾನಿಗಳ ಸಭೆಯಲ್ಲಿ ಅಕ್ಕನ ಭಾಷಣವಾದ ಮೇಲೆ, ಎಲ್ಲರೆದುರು ಅದನ್ನು ಸ್ಟುಡಿಯೋಗೆ ಕಳಿಸುವುದೆಂದು ನಿಶ್ಚಯವಾಯಿತು.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಅಕ್ಕ ಅಟ್ಟದ ಪೆಟ್ಟಿಗೆಯಿಂದ ಏಳನೇ ಸಂಪುಟ ಇಳಿಸಿದಳು. ಭಾಷಣದಲ್ಲಿ ಪುಸ್ತಕದ ಪುಟ, ಅನಿಮೆಯ ಚಿತ್ರ ಎರಡನ್ನೂ ಅಕ್ಕಪಕ್ಕ ತೋರಿಸಬೇಕಿತ್ತು. ಲೇಖನ ಬರೆಯುವಾಗ ಪುಸ್ತಕ ತೆಗೆದಿರಲಿಲ್ಲ. ಬಾಯಿಪಾಠವಾದದ್ದನ್ನು ಯಾರು ತೆಗೆದು ನೋಡುತ್ತಾರೆ?

ನಾನು ಬಟ್ಟೆ ಮಡಿಸುತ್ತಿದ್ದೆ. ಪುಟ ತಿರುವುವ ಸದ್ದು ನಿಂತು ಬಹಳ ಹೊತ್ತಾಯಿತೆಂದು ತಿರುಗಿ ನೋಡಿದರೆ, ಅವಳ ಮುಖ ಬಿಳಿಚಿಕೊಂಡಿತ್ತು. ಪುಸ್ತಕದಲ್ಲಿ ಕೈ ಬಿಚ್ಚಿತ್ತು. ಮುಂದಿನ ಪುಟ, ಹಿಂದಿನ ಪುಟ ಎಲ್ಲ ಹುಡುಕಿದೆವು. ಎಲ್ಲಿಯೂ ಮುಷ್ಟಿಯಿಲ್ಲ. ಮುಷ್ಟಿ ಇದ್ದದ್ದು ಅಕ್ಕ ಹತ್ತು ವರ್ಷದ ಹಿಂದೆ ಬರೆದ ಚಿತ್ರದಲ್ಲಿ. ಆ ಚಿತ್ರ ಎಷ್ಟು ಕಡೆ ಓಡಾಡಿತ್ತೆಂದರೆ ಎಲ್ಲರೂ ಅದನ್ನೇ ಮೂಲವೆಂದು ನಂಬಿದ್ದರು, ಬರೆದವಳೂ ಸೇರಿ. ಪುಸ್ತಕದಲ್ಲಿ ಹಾಗಿಲ್ಲವಲ್ಲ ಎಂದು ಒಂದಿಬ್ಬರು ಗೊಣಗಿದ್ದರಂತೆ. ನೀವು ಕೊಂಡದ್ದು ನಕಲಿ ಮುದ್ರಣ ಎಂದು ಉಳಿದವರು ಅವರ ಬಾಯಿ ಮುಚ್ಚಿಸಿದ್ದರು.

ನಾನು ಏನು ಹೇಳಿದೆನೆಂದು ಮುಚ್ಚಿಡುವುದಿಲ್ಲ. ಹುಷಾರಿಲ್ಲ ಎಂದು ಫೋನ್ ಮಾಡು, ಅವರ ಪಾಡಿಗೆ ಅವರು ಕಳಿಸಿಕೊಳ್ಳಲಿ, ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ಅವಳು ಕೇಳಿಸಿಕೊಳ್ಳಲೇ ಇಲ್ಲ. "ನಾನ್ಯಾಕೆ ಹಾಗೆ ಬರೆದೆ? ಇಲ್ಲದ್ದು ಎಲ್ಲಿಂದ ಬಂತು?" ಎಂದು ತನ್ನ ಹಳೆಯ ಚಿತ್ರವನ್ನೇ ನೋಡುತ್ತಿದ್ದಳು.

ಚಿತ್ರದ ಕೆಳಗೆ ತಾರೀಖಿತ್ತು. ನಾನು ಅದನ್ನು ಎರಡು ಸಲ ಓದಿದೆ. ಅಮ್ಮ ತೀರಿಕೊಂಡ ತಿಂಗಳು ಅದು. ತೀರಿಕೊಂಡ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅಮ್ಮ ತನ್ನ ಕನ್ನಡಕದಿಂದ ಬಿಚ್ಚಿಹೋದ ತಿರುಪನ್ನು ಅಕ್ಕನ ಕೈಗೆ ಕೊಟ್ಟು, ಹಾಕಿಕೊಡು ಪೇಪರ್ ಓದಬೇಕು ಅಂದಿದ್ದಳು. ಡಾಕ್ಟರು ಹೊರಗೆ ಬಂದು ತಲೆಯಾಡಿಸಿದಾಗಲೂ ಅಕ್ಕ ಆ ತಿರುಪನ್ನು ಹಿಡಿದೇ ನಿಂತಿದ್ದಳು. ಮನೆಗೆ ಬಂದ ಮೇಲೆ ನಾನೇ ಅವಳ ಬೆರಳು ಬಿಡಿಸಿದ್ದು.

"ಅದು ದೋಣಿಯವಳ ಕೈ ಅಲ್ಲ ಅಕ್ಕ, ನಿನ್ನದು" ಎಂದೆ.

ಅವಳು ಅತ್ತಳು. ಆಮೇಲೆ ಮುಖ ತೊಳೆದು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು.

ಸಭಾಂಗಣ ಕಿಕ್ಕಿರಿದಿತ್ತು. ಸಂಘಟಕನನ್ನು ಎಲ್ಲರೂ ಟೋಪಿ ಎನ್ನುತ್ತಾರೆ, ವಿಮಾ ಕಚೇರಿಯ ಗುಮಾಸ್ತ, ತಲೆ ಮೇಲಿನ ಟೋಪಿ ಯಾವತ್ತೂ ತೆಗೆಯದವನು. ಅವನು ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಮನವಿಯನ್ನು ಸಿದ್ಧ ಮಾಡಿಟ್ಟಿದ್ದ, ಗುಂಡಿ ಒತ್ತುವುದಷ್ಟೇ ಬಾಕಿ. ಗೋಡೆ ಗಡಿಯಾರದಲ್ಲಿ ನಾಲ್ಕೂವರೆ. ಅಕ್ಕ ಪೀಠಿಕೆಯಿಲ್ಲದೆ ಪುಸ್ತಕದ ಪುಟವನ್ನು ಪರದೆಯ ಮೇಲೆ ಹಾಕಿ, ತಪ್ಪು ತನ್ನದೆಂದು ಹೇಳಿದಳು. ಕೂತಿದ್ದವರು ನಕ್ಕರು, ತಮಾಷೆಯೆಂದುಕೊಂಡು. ಆಮೇಲೆ ಗದ್ದಲ ಎದ್ದಿತು. ಅವಳ ಪುಸ್ತಕವೇ ನಕಲಿ ಎಂದರು. ಸ್ಟುಡಿಯೋದವರು ಹೆದರಿಸಿದ್ದಾರೆ ಎಂದರು. ಮುಷ್ಟಿ ಇಲ್ಲದಿದ್ದರೆ ಇರಬೇಕಿತ್ತು, ಆದ್ದರಿಂದ ಕಲಾವಿದೆಯದೇ ತಪ್ಪು ಎಂದ ಒಬ್ಬ ಮಹಾನುಭಾವ. ತೋಳಿನ ಮೇಲೆ ಆ ಮುಷ್ಟಿಯ ಹಚ್ಚೆಯಿದ್ದ ಹೆಂಗಸೊಬ್ಬಳು ತೋಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದು ಹೋದಳು. ಅಲ್ಲಿಯವರೆಗೆ ದೇವತೆಯಾಗಿದ್ದ ನನ್ನಕ್ಕ ಹತ್ತು ನಿಮಿಷದಲ್ಲಿ ದ್ರೋಹಿಯಾದಳು.

ಟೋಪಿ ಮೆಲ್ಲಗೆ ಹೇಳಿದ, "ಅಕ್ಕ, ಒಂಬತ್ತು ಸಾವಿರ ಜನಕ್ಕೆ ನಾನೇನು ಹೇಳಲಿ? ನೀವು ಸುಮ್ಮನಿದ್ದುಬಿಡಿ." ಅವನ ಬೆರಳು ಗುಂಡಿಯ ಮೇಲೇ ಇತ್ತು. ನಾನು ಮೆಟ್ಟಿಲ ಬಳಿ ನಿಂತಿದ್ದೆ.

ಅಕ್ಕ ಪುಸ್ತಕವನ್ನು ತೆರೆದೇ ಲ್ಯಾಪ್‌ಟಾಪಿನ ಮೇಲೆ ಇಟ್ಟಳು, ಅವನ ಬೆರಳು ಕೆಳಗೆ ಸಿಕ್ಕಿಕೊಳ್ಳುವ ಹಾಗೆ. "ಮೊದಲ ಸಹಿ ನಂದು. ಅದನ್ನ ಹೊಡೆದುಹಾಕು. ಆಮೇಲೆ ಈ ಪುಟ ನೋಡ್ಕೊಂಡು ಯಾರು ಸಹಿ ಹಾಕ್ತಾರೋ ಹಾಕ್ಲಿ, ಕಳಿಸು. ಕೆಳಗೇ ಗ್ರಂಥಾಲಯ ಇದೆ, ನನ್ನ ಪುಸ್ತಕ ನಂಬದಿದ್ರೆ ಅಲ್ಲಿಂದ ತರಿಸು."

ತರಿಸಿದರು. ಆ ಪುಸ್ತಕದಲ್ಲೂ ಕೈ ಬಿಚ್ಚಿತ್ತು. ಐದು ಹೊಡೆದಾಗ ಟೋಪಿ ಮನವಿ ಕಳಿಸದೆಯೇ ಲ್ಯಾಪ್‌ಟಾಪ್ ಮುಚ್ಚಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ, ನಮಗೆ ಯಾರೂ ದಾರಿಯನ್ನೂ ಬಿಡಲಿಲ್ಲ. ಭುಜ ತಗುಲಿಸಿಕೊಂಡೇ ಹೊರಗೆ ಬಂದೆವು.

ಅಕ್ಕ ಸ್ಟುಡಿಯೋದ ವಿಳಾಸಕ್ಕೆ ಕ್ಷಮೆ ಕೇಳಿ ಬರೆದಳು. ಹದಿನೇಳು ದಿನಗಳ ಮೇಲೆ, ಮಧ್ಯಾಹ್ನ ಲ್ಯಾಬಿನಲ್ಲಿದ್ದಾಗ, ಕಲಾವಿದೆಯ ಉತ್ತರ ಬಂತು. ಯಂತ್ರ ಅನುವಾದಿಸಿದ ಮುರುಕು ವಾಕ್ಯಗಳು. ಅಕ್ಕ ನನಗೆ ಫೋನಿನಲ್ಲಿ ಓದಿ ಹೇಳಿದಳು. ತಾನು ಹದಿನಾರನೇ ವಯಸ್ಸಿನಿಂದ ಹಲ್ಲಕ್ಕನ ಚಿತ್ರಗಳನ್ನು ನಕಲು ಮಾಡಿಯೇ ಕೈ ಬರೆಯಲು ಕಲಿತವಳು, ಆ ದೃಶ್ಯ ಬರೆಯುವಾಗ ಪ್ರತಿ ಸಲವೂ ಮುಷ್ಟಿಯೇ ಬರುತ್ತಿತ್ತು. ಕೊನೆಗೆ ಪುಸ್ತಕವನ್ನು ಎದುರಿಗೆ ತೆರೆದಿಟ್ಟುಕೊಂಡು, ಹನ್ನೆರಡನೇ ಸಲಕ್ಕೆ ಆ ಬೆರಳುಗಳನ್ನು ಬಿಡಿಸಿದೆ ಎಂದು ಅವಳು ಬರೆದಿದ್ದಳು.

ಓದಿ ಮುಗಿಸಿದ ಮೇಲೆ ಅಕ್ಕ ಮೇಜಿನ ಮೇಲಿನ ಅಚ್ಚನ್ನು ಎದುರಿಗೆ ಎಳೆದುಕೊಂಡ ಸದ್ದು ಕೇಳಿಸಿತು. ನಾನು ಫೋನ್ ಇಡಲಿಲ್ಲ.