ಚೀಟಿ ಕಟ್ಟಿಕೊಂಡು ಬಂದ ಗುಲಾಬಿ

ಕೋರ್ಟಿನಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತನಾದವನಿಗೆ ಒಂದು ಕೆಟ್ಟ ಚಟ ಅಂಟಿಕೊಂಡಿರುತ್ತದೆ: ಅಚ್ಚಾದದ್ದನ್ನೆಲ್ಲ ಓದುವುದು. ಗಂಗಾವತಿಯ ನರ್ಸರಿಯಿಂದ ತಂದ ಗುಲಾಬಿಯ ಕೊರಳಲ್ಲಿ ಚೀಟಿಯೊಂದು ನೇತಾಡುತ್ತಿತ್ತು. ಬೇರೆಯವರಾದರೆ ಹರಿದೆಸೆಯುತ್ತಿದ್ದರು. ನಾನು ಕನ್ನಡಕ ಹಾಕಿಕೊಂಡು ಓದಿದೆ. ಈ ತಳಿಯ ಹಕ್ಕು ವಿದೇಶದ ಯಾವುದೋ ಕಂಪನಿಯದು, ಅಪ್ಪಣೆಯಿಲ್ಲದೆ ಇದರ ಕಡ್ಡಿ ಮುರಿದು ಇನ್ನೊಂದು ಗಿಡ ಮಾಡಕೂಡದು ಎಂದಿತ್ತು.

ನಾನು ಹುಟ್ಟಿ ಬೆಳೆದ ಹನುಮಸಾಗರದ ಓಣಿಯಲ್ಲಿ ಇಂಥ ಮಾತು ಕೇಳಿದ್ದರೆ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಅವ್ವ ಹಚ್ಚಿದ ಒಂದು ಗುಲಾಬಿ ಓಣಿಯ ಅಷ್ಟೂ ಅಂಗಳಗಳಲ್ಲಿ ಹಬ್ಬಿತ್ತು. ಯಾರಾದರೂ ಹೂವನ್ನು ಎರಡು ಸಲ ನೋಡಿದರೆ ಸಾಕು, ಕಡ್ಡಿ ಮುರಿದು, ತುದಿಗೆ ಸೆಗಣಿ ಮೆತ್ತಿ ಕೈಗಿಡುತ್ತಿದ್ದಳು. ಸಾಲಿಗೆ ಹೋಗುವ ಹುಡುಗಿಯರ ಜಡೆಯಲ್ಲೆಲ್ಲ ನಮ್ಮ ಮನೆಯದೇ ಬಣ್ಣ. 

ಈಗ ಕುಷ್ಟಗಿಯಲ್ಲಿ ನಮ್ಮ ಪಕ್ಕದ ಮನೆಯ ನೀಲಮ್ಮನಿಗೆ ಈ ಗುಲಾಬಿಯ ಮೇಲೆ ಜೀವ. ಅವಳ ಗಂಡನಿಗೆ ಯಲಬುರ್ಗಾಕ್ಕೆ ವರ್ಗವಾಗಿತ್ತು. "ಅಣ್ಣಾರ, ಹೋಗೋದ್ರಾಗ ಒಂದ ಕಡ್ಡಿ ಕೊಡ್ರಿ, ನಿಮ್ಮ ನೆನಪಿಗಿರ್ಲಿ," ಎಂದಳು. ನಾನು ಚೀಟಿ ತೋರಿಸಿದೆ. ಪಾಪ, ಮುಖ ಸಣ್ಣದು ಮಾಡಿಕೊಂಡು ಹೋದಳು.

ಮನಸ್ಸು ತಡೆಯದೆ ವಕೀಲ ಗೆಳೆಯನೊಬ್ಬನನ್ನು ಕೇಳಿದೆ. "ನಮ್ಮ ದೇಶದಾಗ ಗಿಡಕ್ಕ ಪೇಟೆಂಟ್ ಇಲ್ಲೋ ದೋಸ್ತ. ತಳಿ ನೋಂದಣಿ ಮಾಡಿಸಿದ್ರ ಹಕ್ಕು ಬರತೈತಿ. ಆದ್ರೂ ರೈತ ತಾ ಬೆಳದ ಬೀಜ, ಕಡ್ಡಿ ಹಂಚಬಹುದು, ಕಂಪನಿ ಹೆಸರಿಟ್ಟು ಮಾರಬಾರದು ಅಷ್ಟ," ಎಂದ. ಹೋದ ಉಸಿರು ಬಂದಂತಾಯಿತು. ಅಷ್ಟರಲ್ಲಿ ಅವನೇ, "ಆದ್ರ ನೀ ರೈತ ಹೌದೋ ಅಲ್ಲೋ? ಕುಂಡದಾಗಿನ ಮಣ್ಣಿಗೆ ಹೊಲ ಅಂತಾರೇನು?" ಎಂದು ತಕರಾರು ತೆಗೆದ. ವಕೀಲನನ್ನು ಕೇಳಿದ್ದು ನನ್ನದೇ ತಪ್ಪು.

ನೀಲಮ್ಮ ಊರು ಬಿಡುವ ದಿನ ನನ್ನ ಹೆಂಡತಿ ಅವಳನ್ನು ಮಣೆಯ ಮೇಲೆ ಕೂಡಿಸಿ ಉಡಿ ತುಂಬಿದಳು. ಸೆರಗಿಗೆ ಅಕ್ಕಿ ಬಿತ್ತು, ಉತ್ತತ್ತಿ ಬಿತ್ತು, ಎಲೆ ಅಡಿಕೆ, ಕುಪ್ಪಸದ ಖಣ. ಕೊನೆಗೆ ತೊಯ್ದ ಅರಿವೆ ಸುತ್ತಿದ ಗುಲಾಬಿ ಕಡ್ಡಿ! ನಾನು ಬಾಯಿ ತೆರೆಯುವಷ್ಟರಲ್ಲಿ, "ಸುಮ್ನಿರ್ರಿ. ಉಡಿಯಾಗ ಹಾಕಿದ್ದನ್ನ ಬ್ಯಾಡ ಅನ್ನಂಗಿಲ್ಲ, ತಿರುಗಿ ಕೇಳಂಗಿಲ್ಲ. ಇದೂ ಕಾಯ್ದೆನ ಐತಿ," ಎಂದಳು.

ನೀಲಮ್ಮ ಕಣ್ಣೊರೆಸಿಕೊಳ್ಳುತ್ತ ಎದ್ದಳು. ಟಂಟಂ ಹತ್ತುವ ಮುಂಚೆ ನನ್ನ ಕಡೆ ತಿರುಗಿ, ಅಳುಕುತ್ತಲೇ, "ಅಣ್ಣಾರ, ಇದನ್ನ ಹೆಂಗ ಹಚ್ಚಬೇಕ್ರಿ?" ಎಂದಳು.

ಕಾಯ್ದೆ ಬಲ್ಲವನು ಆಗಲಾದರೂ ಒಳಗೆ ಹೋಗಬೇಕಿತ್ತು. ನಾನು ಟಂಟಂ ಹತ್ತಿರಕ್ಕೇ ಹೋದೆ.

"ನೆಳ್ಳಾಗ ಹಚ್ಚು, ತಂಗಿ. ಚಿಗುರೊಡಿಯೂತನಕ ಜಗ್ಗಿ ನೋಡಬ್ಯಾಡ. ಹೂ ಬಿಟ್ಟಮ್ಯಾಲ ಅಲ್ಲಿ ಓಣಿ ಮಂದಿ ಒಂದು ಕಡ್ಡಿ ಕೇಳ್ತಾರ," ಎಂದೆ. "ಅವರು ಕೇಳೂಕಿಂತ ಮೊದಲ ಕೊಟ್ಟುಬಿಡು."