ಮುಜುಗರಕ್ಕೆ ಹೆಜ್ಜೆ ಹುಡುಕಿದ ಡಿಂಪ್ನಾ

ಶನಿವಾರ, ಬೆಳಗಿನ ಆರು ಗಂಟೆ. ಈಗ ಧ್ವನಿಮುದ್ರಣದ ಕೋಣೆಯಾಗಿರುವ ಊರಿನ ಹಳೆಯ ಡೇರಿಯೊಳಗೆ ಡಿಂಪ್ನಾ ಕೀಹೋ ಬರಿಗಾಲಲ್ಲಿ ನಿಂತು, ಒದ್ದೆ ಚರ್ಮದ ತುಂಡೊಂದನ್ನು ಕಲ್ಲುಚಪ್ಪಡಿಯ ಮೇಲೆ ಒತ್ತುತ್ತಿದ್ದಾರೆ. ಎದುರಿನ ತೆರೆಯ ಮೇಲೆ ಕರುವಿನಷ್ಟು ದೊಡ್ಡ, ಯಾವುದೆಂದು ಹೇಳಲಾಗದ ಒಂದು ಪ್ರಾಣಿ ಅದೇ ಹೊತ್ತಿಗೆ ಹೆಜ್ಜೆ ಇಡುತ್ತದೆ. ಪಚಕ್. ಇನ್ನೊಂದು ಹೆಜ್ಜೆ. ಪಚಕ್. ಬೇಗ ಮುಗಿಸಬೇಕು, ಟ್ರ್ಯಾಕ್ಟರುಗಳು ರಸ್ತೆಗಿಳಿದರೆ ಐರ್ಲೆಂಡಿನ ಯಾವ ಗೋಡೆಯೂ ಆ ಸದ್ದನ್ನು ತಡೆಯಲಾರದು.

ಗಾಜಿನಾಚೆ ಧ್ವನಿಮುದ್ರಣಕ್ಕೆ ಕೂತ ಮ್ಯಾಲಕಿ ತಲೆಯಾಡಿಸುತ್ತಾರೆ. "ಕಪ್ಪೆ ಕಣಮ್ಮ ಇದು. ದೊಡ್ಡ ಕಪ್ಪೆ."

"ನೀನೇ ಕಪ್ಪೆ."

"ಜೊತೆಗೆ ನಿನ್ನ ಮಂಡಿ ಲಟಕ್ ಅಂತು."

"ಅದರ ಹೆಸರೂ ಸಿನಿಮಾ ಕೊನೇಲಿ ಹಾಕ್ಸು. ನನಗಿಂತ ಜಾಸ್ತಿ ಪಾತ್ರ ಮಾಡಿದೆ ಅದು."

ಚಿತ್ರದಲ್ಲಿ ಬಿಡಿಸಿದ ಬಾಗಿಲು ತಾನಾಗಿ ಕಿರುಗುಟ್ಟುವುದಿಲ್ಲ. ಬಿಡಿಸಿದ ಅಂಗಿ ಸರಭರ ಎನ್ನುವುದಿಲ್ಲ. ಕಾರ್ಟೂನು ಚಿತ್ರದ ಇಂಥ ಸದ್ದುಗಳನ್ನೆಲ್ಲ ಯಾರಾದರೂ ತೆರೆ ನೋಡುತ್ತ, ಕೈಕಾಲಿಂದ ಮಾಡಿಕೊಡಬೇಕು. ಚಿತ್ರದವರು ಇದನ್ನು ಫೋಲಿ ಎನ್ನುತ್ತಾರೆ. ಊರವರು ಡಿಂಪ್ನಾಳ ಗಲಾಟೆ ಎನ್ನುತ್ತಾರೆ, ಆದರೂ ಕಿರುಗುಟ್ಟುವ ಕೀಲು ಸಿಕ್ಕರೆ ಎಣ್ಣೆ ಹಾಕದೆ ತಂದು ಅವರ ಹೊಸ್ತಿಲಲ್ಲಿಟ್ಟು ಹೋಗುತ್ತಾರೆ.

ಇದೇ ಡೇರಿಯಲ್ಲಿ ಡಿಂಪ್ನಾ ಅವರ ತಂದೆ ಹಾಲು ತೂಗುತ್ತಿದ್ದರು. ಮಗಳು ಶಾಲೆ ಮುಗಿಸಿ ರೇಡಿಯೋ ನಾಟಕಗಳಿಗೆ ಬಾಗಿಲು ತೆಗೆದು ಮುಚ್ಚುವ ಕೆಲಸಕ್ಕೆ ಸೇರಿದರು. ಆಮೇಲೆ ಸಿನಿಮಾ. ಮೂಳೆ ಮುರಿದ ಸದ್ದು ಬೇಕಾದರೆ ರೂಬಾರ್ಬ್ ಎಂಬ ತರಕಾರಿಯ ದಂಟು, ತಬ್ಬಿಕೊಳ್ಳಬೇಕಾದರೆ ಹಳೆಯ ಬಿಸಿನೀರಿನ ಚೀಲ. ಮೈಮೇಲೆ ಸದಾ ಸದ್ದಿಲ್ಲದ ಉಣ್ಣೆ. ಕಲ್ಲಿನ ಮೇಲೆ ನಡೆದೂ ನಡೆದೂ ಮಂಡಿ ಸವೆದಿದೆ. ವೈದ್ಯರು ನಿಲ್ಲಿಸಿ ಎಂದಿದ್ದಾರೆ. "ಅವರ ಹೊಸ ಚಪ್ಪಲಿ ಏನು ಚೆನ್ನಾಗಿ ಪಟಪಟ ಅಂತಿತ್ತು ಗೊತ್ತಾ," ಎನ್ನುತ್ತಾರೆ ಡಿಂಪ್ನಾ.

ಈ ಚಿತ್ರದ ಮೊದಲ ಭಾಗದಲ್ಲಿ ನೆಸ್ಸಾ ಎಂಬ ಪುಟ್ಟ ಹುಡುಗಿಯ ಮನಸ್ಸು ಒಂದು ಹಿತ್ತಿಲು. ಸಿಟ್ಟು ಬಾತುಕೋಳಿ, ಭಯ ಮೊಲ, ಖುಷಿ ಮೇಕೆಮರಿ. ಎಲ್ಲದರ ಹೆಜ್ಜೆಯೂ ಡಿಂಪ್ನಾರದೇ. ಈಗ ತಯಾರಾಗುತ್ತಿರುವ ಎರಡನೇ ಭಾಗದಲ್ಲಿ ನೆಸ್ಸಾಳಿಗೆ ಹದಿನಾಲ್ಕು ವರ್ಷ. ಒಂದು ಬೆಳಗ್ಗೆ ನೋಡಿದರೆ ಹಿತ್ತಿಲಲ್ಲಿ ಕರುವಿನಷ್ಟು ದೊಡ್ಡ ಆ ಹೊಸ ಪ್ರಾಣಿ ನಿಂತಿದೆ. ಅದು ಮುಜುಗರ. ಅದಕ್ಕೆ ಮಾತಿಲ್ಲ. ಖುಷಿ ಮೂಲೆಯಲ್ಲಿ ಮುನಿಸಿಕೊಂಡು ಮಲಗಿರುವಾಗ ಅದು ಇಡೀ ಹಿತ್ತಿಲು ದಾಟಿ, ಹೋಗಿ ಪಕ್ಕದಲ್ಲಿ ಕೂರಬೇಕು. ಚಿತ್ರವೆಲ್ಲ ನಿಂತಿರುವುದು ಆ ನಡಿಗೆಯ ಮೇಲೆ.

"ಯಾರಿಗೂ ಕೇಳಿಸಬಾರ್ದು ಅಂತ ಅದು ನಡೆಯೋದು. ಆದ್ರೆ ಎಲ್ಲರಿಗೂ ಕೇಳಿಸ್ಬೇಕು. ಇಂಥ ಗಿರಾಕಿ ನನಗೆ ಈವರೆಗೆ ಸಿಕ್ಕಿರಲಿಲ್ಲ."

ನಿರ್ದೇಶಕ ಫೆಲಿಮ್ ಡೆವೆನಿ ಗಡುವು ಕೊಟ್ಟಿದ್ದಾರೆ. ಸೋಮವಾರ ಮಧ್ಯಾಹ್ನದೊಳಗೆ ಹೆಜ್ಜೆ ಸಿಗದಿದ್ದರೆ ಆ ಜಾಗಕ್ಕೆ ಪಿಟೀಲು. ಡಿಂಪ್ನಾ ಮುಖ ಸಿಂಡರಿಸುತ್ತಾರೆ: "ಪಿಟೀಲು ಬಂದ್ರೆ ಮಕ್ಕಳು ಅಯ್ಯೋ ಪಾಪ ಅಂತಾವೆ, ಅಷ್ಟೆ. 'ಇದು ನಾನೇ' ಅನ್ನಲ್ಲ."

ಮರುದಿನ ಚರ್ಚಿನಲ್ಲಿ ಭಾನುವಾರದ ಪೂಜೆ. ಗಂಡಸರು ಎಂದಿನಂತೆ ಬಾಗಿಲ ಬಳಿಯೇ ನಿಂತಿದ್ದಾರೆ, ಬೇಗ ಹೊರಡಲು ಅನುಕೂಲ. ಪಾದ್ರಿಗಳು ಪ್ರಸಾದದ ರೊಟ್ಟಿಯನ್ನು ಮೇಲೆತ್ತಿದ್ದಾರೆ. ಕೆಮ್ಮುವವರೂ ಕೆಮ್ಮು ತಡೆದಿದ್ದಾರೆ. ಆಗ ಹಿಂದಿನಿಂದ ಒಂದು ಕೀಂಕ್. ತಡವಾಗಿ ಬಂದ ಸೋರ್ಚಾ, ಶಾಲೆಗೆ ಹೋಗುವ ಹುಡುಗಿ, ಹೊಸ ಶೂ, ಮಳೆಯಲ್ಲಿ ನೆನೆದ ರಬ್ಬರು. ಅವಳು ಬೆಚ್ಚಿ ನಿಧಾನ ಮಾಡುತ್ತಾಳೆ. ನಿಧಾನವಾದಷ್ಟೂ ಸದ್ದು ಉದ್ದವಾಗುತ್ತದೆ. ಕೀ... ಈ... ಈಂಕ್. ತುದಿಗಾಲಲ್ಲಿ ನಡೆದರೆ ಇನ್ನೂ ಸಣ್ಣಗೆ, ಇನ್ನೂ ಚೂಪಾಗಿ. ಡಿಂಪ್ನಾ ಕಣ್ಣು ಮುಚ್ಚಿದ್ದಾರೆ. ನೋಡಿದವರು ಭಕ್ತಿ ಎಂದುಕೊಳ್ಳಬೇಕು.

ಹೊರಗೆ ಬಂದದ್ದೇ ಹುಡುಗಿಯನ್ನು ಹಿಡಿಯುತ್ತಾರೆ. "ಸೋರ್ಚಾ, ನಿನ್ನ ಶೂ ಬೇಕಿತ್ತು ಕಣೇ."

"ನಿಮಗೂ ಕೇಳಿಸ್ತಾ?"

"ನನಗೇನು, ಅಲ್ಲಿ ಗೋರೀಲಿರೋ ನಮ್ಮಜ್ಜಿಗೂ ಕೇಳಿಸಿರುತ್ತೆ."

"ಅಯ್ಯೋ, ನಾನು ಸತ್ತೇ ಹೋಗ್ತೀನಿ."

"ಆಮೇಲೆ ಸಾಯಿ. ಮೊದ್ಲು ಹೇಳು, ಮೆಲ್ಲಗೆ ಯಾಕೆ ನಡೆದೆ? ಓಡಿಬಿಟ್ಟಿದ್ರೆ ಆಗ್ಲೇ ಮುಗೀತಿತ್ತು."

"ಸದ್ದಾಗ್ಬಾರ್ದು ಅಂತ!"

ಡಿಂಪ್ನಾ ನಗುವುದಿಲ್ಲ. "ಅದೇ ಕಣೇ. ಅಷ್ಟೇ ನನಗೆ ಬೇಕಾಗಿದ್ದು."

ಯಾರಿಗೂ ಹೇಳಬಾರದೆಂಬ ಕರಾರಿನ ಮೇಲೆ ಹುಡುಗಿ ಶೂ ಬಿಚ್ಚಿ ಕೊಟ್ಟು, ಕಾಲುಚೀಲದಲ್ಲೇ ಕಾರಿಗೆ ಓಡುತ್ತಾಳೆ. (ಈಗ ಹೇಳಬಹುದಂತೆ. ಹೆಸರು ಮಾತ್ರ ಸರಿಯಾಗಿ ಬರೆಯಬೇಕಂತೆ.)

ಸೋಮವಾರ ನಸುಕು. ಶೂ ಡಿಂಪ್ನಾರ ಕಾಲಿಗೆ ಹಿಡಿಸುವುದಿಲ್ಲ. ಎರಡೂ ಕೈಗೆ ತೊಟ್ಟು, ಆ ಸವೆದ ಮಂಡಿಯನ್ನೂರಿ, ಒದ್ದೆ ಚಪ್ಪಡಿಯ ಮೇಲೆ ಕೂರುತ್ತಾರೆ. ತೆರೆಯ ಪ್ರಾಣಿ ಹೊರಡುತ್ತದೆ. ಡಿಂಪ್ನಾರ ಭುಜ ಒಳಗೆ ಸರಿಯುತ್ತದೆ, ಕತ್ತು ಕುಗ್ಗುತ್ತದೆ, ಉಸಿರು ನಿಲ್ಲುತ್ತದೆ. ಅರವತ್ತು ದಾಟಿದ ಹೆಂಗಸು ಎಲ್ಲಿ ಹೋದರೋ. ನೆಲದ ಮೇಲಿರುವುದು ತನ್ನ ಮೈಯನ್ನು ಎಲ್ಲಿ ಬಚ್ಚಿಡುವುದೆಂದು ತಿಳಿಯದ ಒಬ್ಬ ಹುಡುಗಿ. ಕೀ... ಈ... ನಿಲುಗಡೆ. ...ಈಂಕ್. ಕೊನೆಗೆ ಖುಷಿಯ ಪಕ್ಕ ಕೂತಾಗ, ಹಿಡಿದಿದ್ದ ಉಸಿರು ತಾನಾಗಿ ಹೊರಬೀಳುತ್ತದೆ. ಅದೂ ಧ್ವನಿಮುದ್ರಣದಲ್ಲಿ ದಾಖಲಾಗಿದೆ. ಮ್ಯಾಲಕಿ ಕಪ್ಪೆಯ ಮಾತೆತ್ತುವುದಿಲ್ಲ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ, ಬಹಳ ಹೊತ್ತು.

ಮಧ್ಯಾಹ್ನ ಫೆಲಿಮ್ ಬಂದು ನೋಡುತ್ತಾರೆ. ಮತ್ತೆ ಹಾಕಿಸಿ ನೋಡುತ್ತಾರೆ. "ಪಿಟೀಲಿನವರಿಗೆ ನಾನೇ ಫೋನ್ ಮಾಡಿ ಬೇಡ ಅಂತೀನಿ," ಎನ್ನುತ್ತಾರೆ. ಹೊರಗೆ ಹೋಗಿ ಫೋನ್ ಮಾಡದೆ ಸುಮ್ಮನೆ ಮಳೆಯಲ್ಲಿ ನಿಲ್ಲುತ್ತಾರೆ.

ಕೆಲವು ವಾರಗಳ ಬಳಿಕ ಊರಿನ ಸಭಾಂಗಣದಲ್ಲಿ ಶಾಲೆಯ ಹುಡುಗ ಹುಡುಗಿಯರಿಗೆ ಪ್ರಯೋಗ ಪ್ರದರ್ಶನ. ಗಲಾಟೆ, ಚಿಪ್ಸ್ ಪೊಟ್ಟಣ, ಹಿಂದಿನ ಸಾಲಿನಿಂದ ಶಿಳ್ಳೆ. ಮುಜುಗರ ಹಿತ್ತಿಲು ದಾಟಲು ಶುರುಮಾಡಿದಾಗ ಪೊಟ್ಟಣಗಳು ನಿಂತವು. ಹೇಗಿತ್ತು ಎಂದು ಕೇಳಿದರೆ ಡಿಂಪ್ನಾ ಮಂಡಿ ನೀವಿಕೊಳ್ಳುತ್ತ ಹೇಳುತ್ತಾರೆ:

"ನಾನು ತೆರೆ ನೋಡ್ಲೇ ಇಲ್ಲ. ಕುರ್ಚಿ ಕೆಳಗಡೆ ನೋಡ್ತಾ ಕೂತಿದ್ದೆ. ಚಾಚ್ಕೊಂಡಿದ್ದ ಕಾಲೆಲ್ಲ ಒಂದೊಂದಾಗಿ ಒಳಗೆ ಹೋಯ್ತು. ಆ ಶಿಳ್ಳೆ ಹಾಕ್ತಿದ್ದ ದಾಂಡಿಗನದೂ."