ಬಳೆ ತೆಗೆಸುತ್ತಿದ್ದ ಕಿವಿ ಆಂಟಿ

ಅವರ ಮಣಿಕಟ್ಟುಗಳು ಬೋಳು: ಬಳೆಯಿಲ್ಲ, ವಾಚಿಲ್ಲ. ಚಪ್ಪಲಿಯನ್ನೂ ಪರೀಕ್ಷೆಯ ಕೋಣೆಯ ಹೊರಗೇ ಬಿಡುತ್ತಿದ್ದರು. ಗಲ್ಫಿನಲ್ಲಿ ನಾವಿದ್ದ ಸಾಲ್ಮಿಯಾದ ಒಂದು ಕ್ಲಿನಿಕ್ಕಿನಲ್ಲಿ ಮಕ್ಕಳ ಶ್ರವಣ ಪರೀಕ್ಷಿಸುತ್ತಿದ್ದ, ಉಡುಪಿ ಕಡೆಯ ಕೊಂಕಣಿ ಮಾತಿನ ಕ್ರೈಸ್ತ ಹೆಂಗಸು. ನಮ್ಮ ಮನೆಯವರಿಗೆ ಅವರು ಕಿವಿ ಆಂಟಿ.

ತೊಂಬತ್ತರ ದಶಕದ ಕೊನೆ ಇರಬೇಕು. ಮಗಳಿಗೆ ನಾಲ್ಕೋ ಐದೋ ವರ್ಷ. ಸೆರೆಬ್ರಲ್ ಪಾಲ್ಸಿಯಿಂದಾಗಿ ಅವಳ ಕತ್ತು, ಕೈಕಾಲು ಹಿಡಿತಕ್ಕೆ ಸಿಗುತ್ತಿರಲಿಲ್ಲ; ಎಚ್ಚರವಿದ್ದಷ್ಟು ಹೊತ್ತೂ ಆಡುತ್ತಲೇ ಇರುತ್ತಿದ್ದವು. ಹೇಳಿದ್ದು ಅರ್ಥವಾಗುವುದಿಲ್ಲವೆಂದು ಒಂದು ಶಾಲೆ ಅವಳನ್ನು ಸೇರಿಸಿಕೊಳ್ಳಲಿಲ್ಲ. ಕಿವಿಯ ತೊಂದರೆ ಎಂದು ನಮಗೆ ಹೊಳೆಯಲಿಲ್ಲ. ಬಾಗಿಲು ಬಡಿದರೆ ಬೆಚ್ಚುತ್ತಿದ್ದಳು, ಅಪ್ಪ ಕರೆದರೆ ನಗುತ್ತಿದ್ದಳು. ನಾನು ಕರೆದರೆ ಮಾತ್ರ ಏನೂ ಇಲ್ಲ. ಅವಳಿಗೆ ನಾನು ಬೇಡವೇ? ಕಿವಿಯನ್ನೂ ಒಮ್ಮೆ ತೋರಿಸಿ ಎಂದು ಕಳಿಸಿದವರು ಮಕ್ಕಳ ವೈದ್ಯರು.

"ಬಳೆ ತೆಗೀರಿ," ಎಂದರು ಆಂಟಿ, ಮೊದಲ ದಿನ. ಬಳೆ ಕಿಣಿಯೆಂದರೂ ಪರೀಕ್ಷೆ ಕೆಡುತ್ತದಂತೆ. ನಾನು ಹಿಂಜರಿದೆ. ನಮ್ಮಲ್ಲಿ ಮುತ್ತೈದೆಯರು ಕೈ ಬರಿದು ಮಾಡುವುದಿಲ್ಲ.

"ಕರಿಮಣಿ ಇರ್ಲಿ ಮಾರಾಯ್ತಿ. ಅದು ಶಬ್ದ ಮಾಡುದಿಲ್ಲ."

ಆಮೇಲೆ ಮಗಳತ್ತ ತಿರುಗಿ, "ಯಲ್ಲಾ ಬಾಯೆ, ಸುರು ಮಾಡುವನಾ?" ಎಂದರು, ಅರಬಿ, ಕೊಂಕಣಿ, ಕನ್ನಡ ಬೆರೆಸಿ.

ಕತ್ತು ತಿರುಗಿಸಲಾಗದ ಮಗುವಿಗೆ ಕೇಳಿಸಿತೆಂದು ತಿಳಿಯುವುದು ಹೇಗೆ? ಅವರು ನೋಡುತ್ತಿದ್ದದ್ದು ಅವಳ ಕಾಲ್ಬೆರಳುಗಳನ್ನು. ದಪ್ಪ ಸ್ವರ ಬಂದಾಗ ಬೆರಳಾಟ ಗಕ್ಕನೆ ನಿಂತಿತು. ಸಣ್ಣ ಸ್ವರಕ್ಕೆ ನಿಲ್ಲಲಿಲ್ಲ. ಮುಂದಿನ ವಾರ ಮಲಗಿಸಿ, ತಲೆಗೆ ತಂತಿ ಅಂಟಿಸಿ ನೋಡಿದರು. ಅದೇ ಉತ್ತರ.

"ಹುಟ್ಟಿದಾಗ ಕಾಮಾಲೆ ಜೋರಿತ್ತಲ್ಲ, ಅದು ಕಿವಿಗೂ ತಾಗಿದೆ. ನಿಮ್ಮ ಗಂಡನದ್ದು ಮದ್ದಳೆ ಸ್ವರ, ಅದು ಕೇಳ್ತದೆ. ನಿಮ್ಮದು ಚಕ್ರತಾಳದ ಹಾಗೆ ಸಣ್ಣ, ಅದು ಕೇಳುದಿಲ್ಲ."

"ಹಾಗಾದ್ರೆ ಹಠ ಅಲ್ವಾ?"

"ಎಂಥ ಹಠ! ನಿಮ್ಮ ಬಾಯಿ ಆಡುದು ನೋಡಿದ್ದಾಳೆ, ಅಷ್ಟೇ."

ಶ್ರವಣಯಂತ್ರ ತೊಡಿಸಿದ ದಿನ ನಾನು ಏನೆಂದು ಕರೆದೆನೋ. ಅವಳ ಹೆಸರು ಹಿಡಿದು ಕರೆದೆ ಎನ್ನುತ್ತಾರೆ ಗಂಡ. 'ಪುಟ್ಟೀ' ಎಂದ ನೆನಪು ನನಗೆ. ಎರಡೂ ಆಮೇಲೆ ನಾವು ಕಟ್ಟಿಕೊಂಡದ್ದಿರಬಹುದು. ಮಗಳು ಚೀರಿ ಅತ್ತದ್ದು ಮಾತ್ರ ನಿಜ. ನಾನು ಯಂತ್ರ ಕೀಳಹೋದೆ.

ಆಂಟಿ ಕೈ ಹಿಡಿದರು. "ಗುರ್ತ ಇಲ್ಲದ ಸ್ವರ ಅಲ್ವಾ, ಹೆದರಿಕೆ ಆಗ್ತದೆ. ಹತ್ರ ಕೂತು ಮೆಲ್ಲ ಹೇಳಿ, ನೀವು ಯಾರು ಅಂತ."

ಹೆತ್ತ ಮಗುವಿನೆದುರು ನೆಲದಲ್ಲಿ ಕೂತು, "ನಾನು ಅಮ್ಮ" ಎಂದೆ.

"ಇನ್ನೊಮ್ಮೆ," ಎಂದರು ಆಂಟಿ.

ಆ ಗುರುತು ಹತ್ತಲು ತಿಂಗಳುಗಳೇ ಬೇಕಾದವು. ಅವರು ಊರಿಗೆ ಮರಳಿ, ಅಲ್ಲೇ ತೀರಿಕೊಂಡ ಸುದ್ದಿ ಬರುವಷ್ಟರಲ್ಲಿ ಮಗಳು ದೊಡ್ಡವಳಾಗಿದ್ದಳು. ಹೇಳುವ ಕೆಲಸವನ್ನು ಗಂಡನಿಗೆ ಬಿಡಲಿಲ್ಲ. ಮುಖ ತೋರಿಸಲಾರದೆ, ಅವಳ ಗಾಲಿಕುರ್ಚಿಯ ಹಿಂದೆ ನಿಂತು ನಾನೇ ಹೇಳಿದೆ. ನನ್ನ ಬಾಯಿ ಆಡುವುದು ಕಾಣದಿದ್ದರೂ ಅವಳು ಅಳತೊಡಗಿದಳು.